ಎಡಗೈಯ ಹಗುರ ಕೋವಿ

ಕಾಡುಟಗರಿನ ಟ್ಯಾಗ್ ಮಾರ್ಲಾಳ ಹೆಸರಿಗೆ ಎದ್ದಿದೆ ಎಂಬ ಸುದ್ದಿ ಡುಬಾಯ್ಸ್ ಊರಿನ ಪೆಟ್ರೋಲ್ ಬಂಕು, ಅಂಚೆ ಕಚೇರಿ, ಚರ್ಚಿನ ಮೆಟ್ಟಿಲು ಎಲ್ಲವನ್ನೂ ಸುತ್ತಿಕೊಂಡು ಕೊನೆಗೆ ಅವಳಪ್ಪನ ಕಿವಿಗೆ ಬಿತ್ತು. ಆರ್ವಿಡ್ ಆಗ ಲಾಯದಲ್ಲಿ ಕುದುರೆಯ ಗೊರಸು ಕೆರೆಯುತ್ತಿದ್ದ. ಕೆಲಸ ಅಲ್ಲಿಗೇ ಬಿಟ್ಟು ಹುಲ್ಲಿನ ಪಿಂಡಿಯ ಮೇಲೆ ಕುಳಿತುಬಿಟ್ಟ. ಮೇಲಿನ ಬಂಡೆಸಾಲಿನಲ್ಲಿ ಒಂದೇ ಒಂದು ಗಂಡು ಟಗರನ್ನು ಹೊಡೆಯಲು ಸರ್ಕಾರ ಚೀಟಿ ಎತ್ತಿ ಕೊಡುವ ಪರವಾನಗಿ ಅದು. ಪ್ರಾಯದ ಕಾಲದಿಂದ ಪ್ರತಿ ವರ್ಷ ಅವನೂ ಅರ್ಜಿ ಹಾಕಿದ್ದ. ಅವನ ಅಪ್ಪನೂ ಹಾಕಿದ್ದ, ಹಾಕುತ್ತಲೇ ಸತ್ತಿದ್ದ. ಈ ಲಿಂಡ್‌ಗ್ರೆನ್ ಮನೆತನದಲ್ಲಿ ಮೊದಲ ಸಲ ಎದ್ದದ್ದು ಮಗಳ ಚೀಟಿ.

ಮಾರ್ಲಾಗೆ ನಲವತ್ತು ದಾಟಿತ್ತು. ಚಳಿಗಾಲದಲ್ಲಿ ಘಟ್ಟದ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸುತ್ತಿದ್ದಳು. ಮಾತು ಕಡಿಮೆ, ತಾಯಿಯ ಹಾಗೆ ಎಡಚಿ. ಬೇಟೆಗೆ ಹೋದರೆ ಬರಿಗೈಲಿ ಬಂದರೂ ಬಂದಾಳು, ಆದರೆ ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬಂದವಳಲ್ಲ. ಊರಿನ ಗಂಡಸರು ಎಷ್ಟೋ ಜನ ಹಾಗೆ ಹೇಳಿಕೊಳ್ಳಲಾರರು. ಹೇಳಿಕೊಂಡರೂ ಕೇಳುವವರು ಬೇರೆ ಕಡೆ ನೋಡುತ್ತಾರೆ. ಆರ್ವಿಡ್‌ಗೆ ಮಗಳ ಈ ಒಂದು ಹೆಸರಿನ ಬಗ್ಗೆ ಒಳಗೊಳಗೇ ಬಹಳ ಹೆಮ್ಮೆ.

ಸಂತೋಷದ ಬೆನ್ನಿಗೇ ಅವನಿಗೆ ಹಳೆಯ ಮುಳ್ಳೊಂದು ಚುಚ್ಚಿತು. ಅದು ಕೋವಿಯ ವಿಷಯ.

ಅವರಲ್ಲಿ ಕೋವಿ ಅಂದರೆ ಅಂಗಡಿಯಿಂದ ತಂದು ಬಳಸಿ ಬಿಸಾಡುವ ವಸ್ತುವಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬರುವ ಸೊತ್ತು. ಆರ್ವಿಡ್‌ನ ಅಪ್ಪ ಬಿಟ್ಟುಹೋದ ಕೋವಿಯ ವಾಲ್ನಟ್ ಮರದ ಹಿಂಬದಿ ಮೂರು ತಲೆಮಾರಿನ ಕೆನ್ನೆ ತಾಗಿ ನುಣುಪಾಗಿತ್ತು. ಒಂದು ಗುಂಡು ಹಾರಿಸಿದ ಮೇಲೆ ಕೈಯಲ್ಲಿ ಬೋಲ್ಟನ್ನು ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ ಇನ್ನೊಂದು ತೋಟಾ ಏರಿಸಬೇಕಾದ ಜಾತಿಯದು. ಬೋಲ್ಟಿನ ಹಿಡಿ ಇದ್ದದ್ದು ಬಲಗಡೆ. ಲೋಕದಲ್ಲಿ ಬಹುಪಾಲು ಜನ ಬಲಗೈಯವರು, ಕೋವಿ ಮಾಡುವವರೂ ಅವರ ಲೆಕ್ಕದಲ್ಲೇ ಮಾಡುತ್ತಾರೆ.

ಮಾರ್ಲಾಗೆ ಬೇಟೆಗೆ ಹೋಗುವ ವಯಸ್ಸಾದಾಗ ಊರಿನ ಹಾರ್ಡ್‌ವೇರ್ ಅಂಗಡಿಯ ಗೋಡೆಯ ಮೇಲೆ ಒಂದು ಎಡಗೈ ಕೋವಿ ಇತ್ತು. ಹೆಂಡತಿ ವರ್ಡಾ ಅದನ್ನು ಕೆಳಗಿಳಿಸಿ ನೋಡಿ, ಮಗುವಿಗೆ ಇದನ್ನೇ ಕೊಡಿಸೋಣ ಅಂದಿದ್ದಳು. ಆರ್ವಿಡ್ ಒಪ್ಪಲಿಲ್ಲ. ಎಡಗೈ ಕೋವಿ ಮುಂದೆ ಯಾರ ಕೈಗೆ ಹೋಗುತ್ತದೆ, ಅವಳ ಮಕ್ಕಳು ಎಡಚರೇ ಆಗುತ್ತಾರೆಂದು ಯಾರು ಬರೆದುಕೊಟ್ಟಿದ್ದಾರೆ ಎಂದು ವಾದ ಹೂಡಿದ. ಅಜ್ಜನ ಕೋವಿಯನ್ನು ಮೊಮ್ಮಗಳ ಭುಜದ ಮೇಲೆ ನೋಡುವ ಆಸೆ ಅವನದು. ಆಸೆಗೆ ನ್ಯಾಯದ ಅಂಗಿ ತೊಡಿಸುವುದರಲ್ಲಿ ಅವನು ಯಾರಿಗೂ ಕಡಿಮೆ ಇರಲಿಲ್ಲ.

ಹುಡುಗಿ ಕಲಿತಳು. ಎಡ ಭುಜಕ್ಕೆ ಕೋವಿ ಇಟ್ಟು, ಎಡ ಬೆರಳಿನಿಂದ ಗುಂಡು ಹಾರಿಸುವ ಕುದುರೆ ಎಳೆದು, ಆಮೇಲೆ ಅದೇ ಎಡಗೈಯನ್ನು ಕೋವಿಯ ಮೇಲೆ ಕೂರಿಸಿದ ಗುರಿ ದುರ್ಬೀನಿನ ಮೇಲಿಂದ ಬಲಗಡೆಗೆ ಹಾಯಿಸಿ ಬೋಲ್ಟ್ ಎಳೆಯುವುದು. ಹಾಗೆ ಮಾಡುವಾಗ ಅವಳ ತಲೆ ಪ್ರತಿ ಸಲ ಮೇಲೇಳುತ್ತಿತ್ತು. ಕೆನ್ನೆ ಮರ ಬಿಟ್ಟು ಏಳಬಾರದು ಎಂದು ಆರ್ವಿಡ್ ಗದರುತ್ತಿದ್ದ. ಅವಳು ಹೂಂ ಅನ್ನುತ್ತಿದ್ದಳು, ಮತ್ತೆ ಏಳುತ್ತಿದ್ದಳು. ಹೇಳಿದ ಮಾತು ಕೇಳದ ಮೊಂಡು ಎಂದು ಒಮ್ಮೆ ಇಡೀ ಬೇಟೆ ಬಿಡಾರದ ಎದುರಿಗೇ ಅಂದುಬಿಟ್ಟಿದ್ದ. ಬಿಡಾರದ ಗಂಡಸರು ಅವಳ ಬೋಲ್ಟ್ ಎಳೆಯುವ ರೀತಿಗೆ ಕುಣಿತ ಎಂದು ಹೆಸರಿಟ್ಟಿದ್ದರು. ವರ್ಷಗಳು ಕಳೆದಂತೆ ಆ ಕುಣಿತ ಎಷ್ಟು ಚುರುಕಾಯಿತೆಂದರೆ ನಕ್ಕವರೇ ಬೆರಗಾಗಿ ನೋಡುವಂತಾಯಿತು. ಆದರೂ ಆರ್ವಿಡ್‌ಗೆ ಈಚೆಗೆ ಅದನ್ನು ನೋಡಿದಾಗಲೆಲ್ಲ, ಆ ಅಂಗಡಿಯ ಗೋಡೆ ಕಣ್ಣ ಮುಂದೆ ಬರುತ್ತಿತ್ತು.

ಹೀಗಾಗಿ ಟ್ಯಾಗ್ ಬಂದ ವಾರವೇ ಊಟದ ಮೇಜಿನಲ್ಲಿ ಅವನು ಘೋಷಿಸಿದ: ಈ ಸಲ ಮಗಳಿಗೆ ಎಡಗೈ ಕೋವಿ, ಅದೂ ಹಗುರವಾದದ್ದು. ಟಗರುಗಳಿರುವ ಎತ್ತರಕ್ಕೆ ಅಜ್ಜನ ಭಾರದ ಕೋವಿ ಹೊತ್ತು ಹತ್ತಲು ಆಗುವುದಿಲ್ಲ, ಲಾರಿಯ ಸ್ಟೀರಿಂಗ್ ತಿರುಗಿಸಿ ಅವಳ ಭುಜ ಮೊದಲೇ ನೋಯುತ್ತಿದೆ ಎಂದ.

ಮಾರ್ಲಾ ಎಲ್ಕ್ ಎಂಬ ದೊಡ್ಡ ಜಿಂಕೆಯ ಮಾಂಸದ ಸಾರಿನಲ್ಲಿ ಬ್ರೆಡ್ ಅದ್ದುತ್ತಾ, "ಅಜ್ಜನ ಕೋವಿ ಭಾರ ಹೌದು ಅಪ್ಪಾ. ಆದ್ರೆ ಅದು ನನ್ನ ಮಾತು ಕೇಳುತ್ತೆ," ಅಂದಳು.

"ಹೊಸದೂ ಕೇಳುತ್ತೆ. ಯಾಕೆ ಕೇಳಲ್ಲ?"

ವರ್ಡಾ ಸಾರಿನ ಪಾತ್ರೆ ತಂದಿಟ್ಟು ಗಂಡನ ಮುಖ ನೋಡಿದಳು. "ಮದುವೆಯಾದಾಗಿಂದ ಈ ಮನೇಲಿ ಬಲಗೈ ಕತ್ತರೀಲೇ ಬಟ್ಟೆ ಕತ್ತರಿಸ್ತಾ ಬಂದಿದೀನಿ. ಈಗ ನೀನು ಎಡಗೈ ಕತ್ತರಿ ತಂದುಕೊಟ್ರೆ ಬಟ್ಟೆ ಬಿಟ್ಟು ಬೆರಳು ಕತ್ತರಿಸ್ಕೋತೀನಿ ಅಷ್ಟೇ," ಅಂದಳು.

ಎಲ್ಲರೂ ನಕ್ಕರು. ಆರ್ವಿಡ್ ಎಲ್ಲರಿಗಿಂತ ಜೋರಾಗಿ ನಕ್ಕ. ನಗುವಿನಲ್ಲಿ ಆ ಮಾತನ್ನು ತೇಲಿಸಿಬಿಟ್ಟ.

ಅಪ್ಪ ಮಗಳು ಕೋವಿ ಕೊಳ್ಳಲು ಹೋದ ಕೋಡಿ ಎಂಬ ಊರಿನ ಅಂಗಡಿಯವನ ಹೆಸರು ಡ್ವೈಟ್. ಅವನ ಅಂಗಡಿಯ ಮೂರು ಗೋಡೆಯೂ ಕೋವಿಗಳಿಂದ ತುಂಬಿದ್ದರೂ ಎಡಗೈಯವು ಎಷ್ಟಿವೆ ಎಂದು ಕೇಳಿದಾಗ ಅವನು ತಲೆ ಕೆರೆದುಕೊಂಡು ಒಳಗಿನಿಂದ ಎರಡನ್ನು ತಂದು ಗಾಜಿನ ಮೇಲೆ ಮಲಗಿಸಿದ. ಎಡಚರಿಗೆ ಆಯ್ಕೆ ಮಾಡುವ ಕಷ್ಟವನ್ನು ಕಂಪನಿಗಳು ಕೊಡುವುದಿಲ್ಲ ಎಂದು ನಕ್ಕ. ಒಂದು ಉಕ್ಕಿನ ನಳಿಗೆಯದು, ಅಜ್ಜನ ಕೋವಿಗಿಂತ ಹಗುರ ಆದರೂ ಕೈಗೆ ತೂಕ ತಿಳಿಯುತ್ತಿತ್ತು. ಇನ್ನೊಂದು ಎಂಥದೋ ಹೊಸ ಕಾಲದ ನಾರಿನಿಂದ ಮಾಡಿದ್ದು, ನಳಿಗೆ ತೆಳು, ಎತ್ತಿದರೆ ಒಲೆ ಕೆದಕುವ ಕೋಲು ಎತ್ತಿದ ಹಾಗೆ.

ಮಾರ್ಲಾ ಮೊದಲಿನದನ್ನು ಎತ್ತಿ ಭುಜಕ್ಕಿಟ್ಟು ಬೀದಿಯಾಚೆಯ ಗುಡ್ಡದ ಕಡೆ ಗುರಿ ಹಿಡಿದಳು. ಬಹಳ ಹೊತ್ತು ಇಳಿಸಲಿಲ್ಲ. ಆಮೇಲೆ ಗುಂಡಿಲ್ಲದ ಕೋವಿಯ ಕುದುರೆ ಎಳೆದಳು. ಎಳೆದ ಕೂಡಲೇ ಅವಳ ಎಡಗೈ ತಾನಾಗಿ ದುರ್ಬೀನಿನ ಮೇಲಿಂದ ಬಲಗಡೆಗೆ ಹಾಯ್ದು, ಏನೂ ಇಲ್ಲದ ಕಡೆ ತಡಕಾಡಿತು. ಡ್ವೈಟ್ ನಕ್ಕ, ಆರ್ವಿಡ್ ನಕ್ಕ, ಮಾರ್ಲಾ ಕೂಡ ಕೆನ್ನೆ ಕೆಂಪಗೆ ಮಾಡಿಕೊಂಡು ನಕ್ಕಳು. ಅಭ್ಯಾಸವಾಗುತ್ತದೆ ಎಂದ ಆರ್ವಿಡ್.

ದೂರದ ಗುರಿಗಾದರೆ ಭಾರದ್ದೇ ವಾಸಿ ಎಂಬುದು ಡ್ವೈಟ್‌ನ ಅಭಿಪ್ರಾಯವಾಗಿತ್ತು. ಹಗುರ ಕೋವಿ ಹೊರುವಾಗ ಸ್ನೇಹಿತ, ಹೊಡೆಯುವಾಗ ಅಲ್ಲ. ಉಸಿರಾಡಿದರೂ ಅಲ್ಲಾಡುತ್ತದೆ, ಒದೆತ ಜೋರು, ತೆಳು ನಳಿಗೆ ಒಂದೆರಡು ಗುಂಡಿಗೇ ಕಾದು ಗುರಿ ಚದುರಿಸುತ್ತದೆ, ಆದ್ದರಿಂದ ಅಭ್ಯಾಸ ಮಾಡುವಾಗ ಗುಂಡಿನಿಂದ ಗುಂಡಿಗೆ ಆರಲು ಬಿಡಬೇಕು ಎಂದು ಹೇಳಿದ. ಆರ್ವಿಡ್‌ನ ಕಿವಿಗೆ ಬಿದ್ದದ್ದು ಸ್ನೇಹಿತ ಎಂಬಲ್ಲಿಯವರೆಗೆ ಮಾತ್ರ. ಅವನ ಮನಸ್ಸಿನಲ್ಲಿದ್ದದ್ದು ಚಿಕ್ಕ ಹುಡುಗಿಯೊಬ್ಬಳು ಅಜ್ಜನ ಕೋವಿ ಹೊರಲಾರದೆ ಹೊತ್ತು ಗುಡ್ಡ ಹತ್ತುತ್ತಿದ್ದ ಚಿತ್ರ. ಎಷ್ಟು ಹಗುರವಾದರೂ ಆ ಭಾರಕ್ಕೆ ಸಾಲದು ಅನ್ನಿಸುತ್ತಿತ್ತು.

ಮಾರ್ಲಾಳ ಕೈ ಮಾತ್ರ ಉಕ್ಕಿನದರ ಮೇಲೇ ಇತ್ತು. ಅವಳು ಅಪ್ಪನ ಕಡೆ ನೋಡಿದಳು. ಆರ್ವಿಡ್ ತೆಳುವಾದದ್ದನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು, ಹುಟ್ಟಿದ ಮಗುವನ್ನು ತೋರಿಸುವವನ ಹಾಗೆ ಅವಳ ಮುಂದೆ ಹಿಡಿದಿದ್ದ.

"ಇದೇ ಆಗ್ಲಿ," ಅಂದಳು ಮಾರ್ಲಾ.

ಅವಳು ಯಾಕೆ ಹಾಗೆ ಅಂದಳು ಎಂಬುದು ಆರ್ವಿಡ್‌ಗೆ ಆಗಲೇ ತಿಳಿದಿತ್ತು. ತಿಳಿಯದವನಂತೆ ಪೆಟ್ಟಿಗೆ ಕಟ್ಟಿಸಿದ.

ಬೇಸಿಗೆಯೆಲ್ಲ ಅವರು ಗುರಿ ಮೈದಾನಕ್ಕೆ ಹೋದರು. ಬೆಂಚಿನ ಮೇಲೆ ಮರಳ ಚೀಲ, ಚೀಲದ ಮೇಲೆ ಕೋವಿ, ದೂರದಲ್ಲಿ ಉಕ್ಕಿನ ತಟ್ಟೆ. ಮಾರ್ಲಾ ಒಂದು ತೋಟಾ ಇಟ್ಟು, ಉಸಿರು ಬಿಟ್ಟು, ಒಂದು ಗುಂಡು ಹಾರಿಸುವಳು. ನಾನೂರು ಗಜದಾಚೆ ತಟ್ಟೆ ಠಣ್ಣೆನ್ನುವುದು. ಆಮೇಲೆ ನಳಿಗೆ ಆರಲಿ ಎಂದು ಕೋವಿಯನ್ನು ನೆರಳಿನಲ್ಲಿಟ್ಟು ಇಬ್ಬರೂ ಫ್ಲಾಸ್ಕಿನ ಕಾಫಿ ಕುಡಿಯುವರು. ಗಾಳಿಯ ಬಗ್ಗೆ ಮಾತು, ಹಿಮದ ಲಾರಿಯ ಬಗ್ಗೆ ಮಾತು. ನಳಿಗೆ ತಣ್ಣಗಾದ ಮೇಲೆ ಅವಳು ಬೋಲ್ಟ್ ಎಲ್ಲಿದೆ ಎಂದು ಕಣ್ಣಿಟ್ಟು ನೋಡಿ, ಎಡಗಡೆಯ ಹಿಡಿ ಎಳೆದು, ಇನ್ನೊಂದು ತೋಟಾ ಇಡುವಳು. ಒಂದೂ ತಪ್ಪಲಿಲ್ಲ. ಆರ್ವಿಡ್ ಮನೆಗೆ ಬಂದು ಹೆಂಡತಿಗೆ, ನಿನ್ನ ಕತ್ತರಿಯ ಕಥೆ ಸುಳ್ಳಾಯಿತು ನೋಡು ಎಂದು ಚುಡಾಯಿಸಿದ. ಆ ಕಾಫಿಯ ದಿನಗಳಲ್ಲಿ ಅವನು ಇದ್ದಷ್ಟು ಸುಖವಾಗಿ ಬೇರೆಂದೂ ಇರಲಿಲ್ಲ. ಒಂದು ಗುಂಡಿನ ಬೆನ್ನಿಗೇ ಇನ್ನೊಂದನ್ನು ಹಾರಿಸುವ ಅಭ್ಯಾಸವನ್ನು ಅವರು ಒಂದು ದಿನವೂ ಮಾಡಲಿಲ್ಲ. ಮೊದಲ ಗುಂಡಿಗೇ ಬೀಳುವ ಹಾಗಿದ್ದರೆ ಎರಡನೆಯದು ಯಾಕೆ ಎಂಬುದು ದೂರದ ಗುರಿಯ ಹುಚ್ಚು ಹತ್ತಿದವರೆಲ್ಲರ ಧೋರಣೆ.

ಸೆಪ್ಟೆಂಬರ್ ತಿಂಗಳಲ್ಲಿ ಅಪ್ಪ ಮಗಳು ಕುದುರೆ ಏರಿ ಮೇಲಕ್ಕೆ ಹೋದರು. ಮರಗಳು ಮುಗಿಯುವ ಜಾಗದಲ್ಲಿ ಗುಡಾರ ಹಾಕಿದರು. ಅಲ್ಲಿಂದಾಚೆ ಕಾಲೇ ಗತಿ. ಆರ್ವಿಡ್‌ನ ಎದೆ ತಿದಿಯ ಹಾಗೆ ಹೊಡೆದುಕೊಳ್ಳುತ್ತಿದ್ದರೂ ಅವನು ಹಿಂದುಳಿಯಲಿಲ್ಲ. ಮುಂದೆ ಹತ್ತುತ್ತಿದ್ದ ಮಗಳ ಬೆನ್ನ ಮೇಲೆ ಆ ತೆಳು ಕೋವಿ ಹಗುರವಾಗಿ ತೂಗುತ್ತಿತ್ತು. ಒಳ್ಳೆಯದೇ ಮಾಡಿದೆ ಎಂದುಕೊಂಡ.

ಹಲವು ದಿನ ಹುಡುಕಿದ ಮೇಲೆ ಟಗರು ಕಾಣಿಸಿತು. ಎದುರು ದಿಬ್ಬದಲ್ಲಿ, ಕೊರಕಲಿನಾಚೆ, ಒಂಟಿಯಾಗಿ ಮಲಗಿತ್ತು. ಕೊಂಬುಗಳು ಕೆನ್ನೆ ಸುತ್ತಿ ಮತ್ತೆ ಮೇಲಕ್ಕೆ ಬಂದು ತುದಿಯಲ್ಲಿ ಸವೆದಿದ್ದವು. ಅಂಥ ಟಗರನ್ನು ಆರ್ವಿಡ್ ತನ್ನ ಆಯುಷ್ಯದಲ್ಲಿ ಹತ್ತಿರದಿಂದ ನೋಡಿರಲಿಲ್ಲ. ಇನ್ನೂ ಹತ್ತಿರ ಹೋಗಲು ದಾರಿ ಇರಲಿಲ್ಲ. ಮಾರ್ಲಾ ಬೆನ್ನುಚೀಲವನ್ನು ಬಂಡೆಯ ಮೇಲಿಟ್ಟು ಅದರ ಮೇಲೆ ಕೋವಿ ಊರಿ ಮಲಗಿದಳು. ಆರ್ವಿಡ್ ಪಕ್ಕದಲ್ಲಿ ದೊಡ್ಡ ದುರ್ಬೀನಿಗೆ ಕಣ್ಣಿಟ್ಟ. ಟಗರು ಎದ್ದು ಮೈಮುರಿದು ಅಡ್ಡಲಾಗಿ ನಿಂತಿತು.

ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ, ಕೊರಕಲಿನ ಗಾಳಿ ಬೇರೆ. ಹಗುರ ಕೋವಿ ಸಿಡಿದಾಗ ಅವಳ ಭುಜದ ಮೇಲೆ ನೆಗೆದುಬಿತ್ತು. ದುರ್ಬೀನಿನಲ್ಲಿ ಟಗರು ಬೆನ್ನು ಗೂನು ಮಾಡಿ ನಾಲ್ಕು ಹೆಜ್ಜೆ ನಡೆದು ನಿಂತದ್ದು ಆರ್ವಿಡ್‌ಗೆ ಕಂಡಿತು.

"ಗುಂಡು ಹಿಂದಕ್ಕಾಯ್ತು, ಹೊಟ್ಟೆಗೆ ಬಿತ್ತು. ನಿಂತಿದೆ. ಇನ್ನೊಂದು ಹೊಡಿ," ಅಂದ ಮೆಲ್ಲಗೆ.

ಇನ್ನೊಂದು ಬರಲಿಲ್ಲ. ಟಗರು ನಿಂತೇ ಇತ್ತು. ಅಜ್ಜನ ಕೋವಿಯಾಗಿದ್ದರೆ ಇಷ್ಟರಲ್ಲಿ ಮೂರನೆಯ ಗುಂಡೂ ಹೋಗಿರುತ್ತಿತ್ತು. ಆರ್ವಿಡ್ ದುರ್ಬೀನಿನಿಂದ ಕಣ್ಣು ತೆಗೆದು ಪಕ್ಕಕ್ಕೆ ನೋಡಿದ.

ಮಾರ್ಲಾಳ ತಲೆ ಮೇಲೆದ್ದಿತ್ತು. ಅವಳ ಎಡಗೈ ದುರ್ಬೀನಿನ ಮೇಲಿಂದ ಬಲಗಡೆಗೆ ಹಾಯ್ದಿತ್ತು. ಅಲ್ಲಿ ಕೋವಿಯ ನುಣ್ಣನೆಯ ಮೈಮೇಲೆ ಬೆರಳುಗಳು ಹಿಡಿಯನ್ನು ಹುಡುಕುತ್ತಿದ್ದವು. ಬೋಲ್ಟು ಇದ್ದದ್ದು ಆ ಕೈ ಎದ್ದು ಬಂದ ಜಾಗದಲ್ಲೇ, ಹೆಬ್ಬೆರಳಿನ ಮಗ್ಗುಲಿನಲ್ಲೇ. ಕೈ ಅದನ್ನು ದಾಟಿಕೊಂಡು ಹೋಗಿತ್ತು. ಅವಳ ಕಣ್ಣು ಟಗರಿನ ಮೇಲಿತ್ತು, ಮುಖದಲ್ಲಿ ಏನಾಗಿದೆ ಎಂದು ಅರ್ಥವಾಗದವರ ಕಳವಳ. ಆರ್ವಿಡ್‌ಗೆ ಕೂಗಬೇಕೆನ್ನಿಸಿತು, ಕೂಗಿದರೆ ಟಗರು ಓಡೀತು. ಕೊನೆಗೆ ಅವಳೇ ಬೆಚ್ಚಿದವಳಂತೆ ಕೈ ಹಿಂದಕ್ಕೆ ತಂದು ಎಡಗಡೆಯ ಹಿಡಿ ಎಳೆದು ಗುರಿ ಹಿಡಿದಳು. ಅಷ್ಟರಲ್ಲಿ ಟಗರು ಬಂಡೆಯ ಏಣಿನಾಚೆ ಇಳಿದುಹೋಗಿತ್ತು.

ಕೊರಕಲು ಇಳಿದು ಹತ್ತುವಷ್ಟರಲ್ಲಿ ಬಿಸಿಲು ವಾಲಿತ್ತು. ರಕ್ತ ಸಿಕ್ಕಿತು, ಕಪ್ಪು ಛಾಯೆಯದು, ಅಲ್ಲೊಂದು ಇಲ್ಲೊಂದು ಹನಿ. ಅದು ಮನುಷ್ಯರು ಕಾಲಿಡಲಾಗದ ಬಂಡೆಗಳ ಕಡೆಗೆ ಹೋಗಿತ್ತು. ಮಾರ್ಲಾ ಕಾಲಿಡಲಾಗದ ಕಡೆಯೂ ಕಾಲಿಟ್ಟಳು. ಮಾರನೆಯ ದಿನವೂ ಹುಡುಕಿದಳು, ಅದರ ಮಾರನೆಯ ದಿನವೂ. ಆಮೇಲೆ ಮೊದಲ ಹಿಮ ಬಿದ್ದು ಹನಿ, ಹೆಜ್ಜೆ, ಕಲ್ಲು ಎಲ್ಲವನ್ನೂ ಒಂದೇ ಬಿಳುಪು ಮಾಡಿತು.

ಗುಡಾರದಲ್ಲಿ ಅವಳು ಜೇಬಿನಿಂದ ಟ್ಯಾಗ್ ತೆಗೆದಳು. ಬೇಟೆ ಬಿದ್ದ ದಿನದ ತಾರೀಖನ್ನು ಆ ಕಾಗದದಲ್ಲಿ ಕತ್ತರಿಸಿ, ಸತ್ತ ಪ್ರಾಣಿಗೆ ಕಟ್ಟಬೇಕು. ಕತ್ತರಿಸಿದ ಮೇಲೆ ಆ ಟ್ಯಾಗಿನ ಬೇಟೆ ಮುಗಿದ ಹಾಗೆ. ಗಾಯಗೊಂಡು ಕಳೆದುಹೋದ ಪ್ರಾಣಿಗೆ ಅದನ್ನು ಕತ್ತರಿಸಲೇಬೇಕು ಎಂದು ಯಾರೂ ಅವಳ ಕತ್ತು ಹಿಡಿಯುವಂತಿರಲಿಲ್ಲ. ಆದರೆ ಲಿಂಡ್‌ಗ್ರೆನ್ ಮನೆಯವರು ಕತ್ತರಿಸುತ್ತಿದ್ದರು. ಅದು ಅಜ್ಜ ಮಾಡಿದ ಕಟ್ಟಳೆ, ಆರ್ವಿಡ್ ಮಗಳಿಗೆ ಕೋವಿಯ ಜೊತೆಗೇ ಕಲಿಸಿದ್ದು.

ಅವಳು ಚಾಕು ಬಿಚ್ಚುವುದನ್ನು ಕಂಡು ಆರ್ವಿಡ್‌ಗೆ ತಡೆಯಲಾಗಲಿಲ್ಲ. "ಇನ್ನೂ ದಿನ ಇದಾವೆ ಮಗಳೇ. ಕೆಳಗಿನ ಕಣಿವೇಲಿ ಬೇರೆ ಟಗರು ಇರ್ತವೆ. ಯಾರೂ ನೋಡಿಲ್ಲ," ಅಂದ. ತನ್ನ ಬಾಯಿಂದ ಇಂಥ ಮಾತು ಬರುತ್ತದೆಂದು ಅವನೇ ಎಣಿಸಿರಲಿಲ್ಲ.

ಮಾರ್ಲಾ ತಲೆ ಎತ್ತಲಿಲ್ಲ. "ನನ್ನ ಟಗರು ಮೇಲೆ ಎಲ್ಲೋ ಬಿದ್ದಿದೆ ಅಪ್ಪಾ," ಅಂದು ತಾರೀಖನ್ನು ಕತ್ತರಿಸಿದಳು. ಕತ್ತರಿಸಿದ ಚೂರು ಹುಲ್ಲಿನ ಮೇಲೆ ಬಿತ್ತು.

"ಕೋವಿ ಆರಿಸಿದ್ದು ನಾನು."

"ಹೊಡೆದದ್ದು ನಾನಲ್ವಾ."

ಇಳಿಯುವಾಗ ಕೋವಿಯನ್ನು ಆರ್ವಿಡ್ ಹೊತ್ತುಕೊಂಡ. ಅದರ ಭಾರ ಗೊತ್ತೇ ಆಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಮನೆಯಲ್ಲಿ ವರ್ಡಾ ಕತ್ತರಿಯ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು ಆರ್ವಿಡ್‌ಗೆ, ಜಗಳವಾದರೂ ಆಡಬಹುದಿತ್ತು. ಊರಿನವರು ಕೇಳಿದರು. ಮಾರ್ಲಾ ಗಾಯ ಮಾಡಿ ಕಳಕೊಂಡೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಕೇಳಿದವರು ಈಗ ಬೇರೆ ಕಡೆ ನೋಡಿದರು. ಅವಳ ಬಗ್ಗೆ ಇದ್ದ ಆ ಒಂದು ಮಾತು ಇನ್ನು ಯಾರೂ ಆಡುವಂತಿರಲಿಲ್ಲ.

ಅಕ್ಟೋಬರಿನಲ್ಲಿ ಎಲ್ಕ್ ಬೇಟೆಯ ಬಿಡಾರಕ್ಕೆ ಹೊರಡುವಾಗ ಮಾರ್ಲಾ ಬೀರುವಿನಿಂದ ಅಜ್ಜನ ಕೋವಿ ತೆಗೆದುಕೊಂಡಳು. ಹೊಸದನ್ನು ಮುಟ್ಟಲಿಲ್ಲ, ಮುಟ್ಟಲಿಲ್ಲ ಎಂದು ತೋರಿಸಿಕೊಳ್ಳಲೂ ಇಲ್ಲ. ಅದನ್ನು ಡ್ವೈಟ್‌ಗೆ ಹಿಂದಿರುಗಿಸು ಎಂದಳು ವರ್ಡಾ. ಆರ್ವಿಡ್ ಕೇಳದೆ ತನ್ನ ಸ್ವಂತ ಕೋವಿಯನ್ನು ಬೀರುವಿನಲ್ಲೇ ಬಿಟ್ಟು, ಆ ಎಡಗೈ ಕೋವಿಯನ್ನು ತಾನೇ ಜೀಪಿನಲ್ಲಿ ಹಾಕಿಕೊಂಡ. ಬಲಗೈಯವನಿಗೆ ಅದು ಯಾತಕ್ಕೆ ಎಂದು ಹೆಂಡತಿ ಕೇಳುತ್ತಿದ್ದಂತೆ ಜೀಪು ಶುರು ಮಾಡಿದ.

ಬಿಡಾರದ ಆಚೆ, ಬೆಳಗಿನ ಬಿಸಿಲಿನಲ್ಲಿ, ಅವನು ಉರುಳಿಬಿದ್ದ ಮರದ ಮೇಲೆ ಕೋವಿ ಊರಿ ಬಲ ಭುಜಕ್ಕಿಟ್ಟುಕೊಂಡ. ಖಾಲಿ ಕುದುರೆ ಎಳೆದ. ಬೋಲ್ಟು ಈಗ ಅವನಿಗೆ ಆಚೆ ಬದಿಗಿತ್ತು. ಬಲಗೈಯನ್ನು ದುರ್ಬೀನಿನ ಮೇಲಿಂದ ಎಡಗಡೆಗೆ ಹಾಯಿಸಿ ಹಿಡಿ ಎಳೆಯಬೇಕು. ಹಾಯಿಸಿದ. ತೋಳು ಮುಖಕ್ಕೆ ಅಡ್ಡ ಬಂತು, ತಲೆ ಮೇಲೆದ್ದಿತು, ಗುರಿಯಲ್ಲಿದ್ದ ಮರದ ಬೊಡ್ಡೆ ಕಾಣೆಯಾಯಿತು. ಮತ್ತೆ ಮಾಡಿದ. ಮತ್ತೆ ಎದ್ದಿತು. ಹಲ್ಲು ಕಚ್ಚಿ, ಕೆನ್ನೆಯನ್ನು ಒತ್ತಿ ಹಿಡಿದು, ಬೆವರು ಬರುವವರೆಗೆ ಮಾಡಿದ. ಬಿಡಾರದವರು ಕಾಫಿ ಲೋಟ ಹಿಡಿದು, ಮುದುಕನಿಗೂ ಕುಣಿತ ಶುರುವಾಯಿತು ಎಂದು ಆಡಿಕೊಂಡರು.

ಮಾರ್ಲಾ ಯಾವಾಗ ಬಂದು ಹಿಂದೆ ನಿಂತಳೋ ಅವನಿಗೆ ತಿಳಿಯಲಿಲ್ಲ. ಅವಳು ನಗಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಮೊಣಕೈಯನ್ನು ಹಿಡಿದು ತುಸು ಮೇಲಕ್ಕೆ ಎತ್ತಿದಳು.

"ಕೆನ್ನೆ ಎತ್ತಬೇಡ ಅಪ್ಪಾ," ಅಂದಳು. ಅವನದೇ ಮಾತು, ಅವನದೇ ಧಾಟಿ. ಅಣಕವಿರಲಿಲ್ಲ ಅದರಲ್ಲಿ.

ಆರ್ವಿಡ್ ಇನ್ನೊಂದು ಸಲ ಪ್ರಯತ್ನಿಸಿದ. "ಆಗೋದಿಲ್ಲ ಮಾರ್ಲಾ. ಎತ್ತದೆ ಕೈ ಹಾಯೋದೇ ಇಲ್ಲ," ಅಂದ.

"ಹೂಂ," ಅಂದಳು ಅವಳು. "ನನಗೂ ಹಾಯ್ತಿರ್ಲಿಲ್ಲ."

ಅವಳು ಎದ್ದು ಅಜ್ಜನ ಕೋವಿಯನ್ನು ನೋಯುವ ಭುಜಕ್ಕೇರಿಸಿಕೊಂಡು ಕಾಡಿನ ಕಡೆ ನಡೆದಳು. ಆರ್ವಿಡ್ ತೆಳು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಅವಳು ಮರಗಳ ಹಿಂದೆ ಮರೆಯಾಗುವವರೆಗೂ ಅಲ್ಲೇ ಕುಳಿತಿದ್ದ.